ಷೆವ್ರೊಲೆ ಪಿಕಪ್: ಎಂಜಿನ್ ಇಳಿಸಿದ್ದು, ಎಂಜಿನ್ ಹುಡುಕಿದ್ದು

ಚೈನ್ ಪುಲ್ಲಿಗೆ ಕಟ್ಟಿದ್ದ ಪರ್ಕಿನ್ಸ್ ಎಂಜಿನ್ ಮೌಂಟಿಂಗ್ ಬಿಟ್ಟು ಮೇಲೆದ್ದದ್ದೇ ತಡ, ಪಿಕಪ್ಪಿನ ಮೂತಿ ಮೂರು ಬೆರಳು ಮೇಲಕ್ಕೆ ಬಂತು. ಮುಂದಿನ ಸ್ಪ್ರಿಂಗ್ ಪಟ್ಟಾಗಳು ಕಿರುಗುಟ್ಟಿದವು. ಮಡ್‌ಗಾರ್ಡ್ ಸಂದಿಯಿಂದ ಒಂದು ಬೊಗಸೆ ಒಣ ಮಾವಿನೆಲೆ ಉದುರಿತು. ಕೆಳಗೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ ಅಕ್ಕನ ಮಗ, "ಮಾವ, ಗಾಡಿ ನಗ್ತಾ ಐತೆ ನೋಡು" ಅಂದ.

ನಮ್ಮದು ಕೋಲಾರದ ಬಂಗಾರಪೇಟೆ ರಸ್ತೆಯಲ್ಲಿ ಬೋರ್‌ವೆಲ್ ಮೋಟರ್ ವೈಂಡಿಂಗ್ ಅಂಗಡಿ. ಸಾವಿರ ಅಡಿ ಕೆಳಗೆ ಸುಟ್ಟುಕೊಂಡ ಮೋಟರ್‌ಗಳು ದಿನಾ ಬರುತ್ತವೆ, ಆದ್ದರಿಂದ ಆರಡಿ ಲೇತು, ಚೈನ್ ಪುಲ್ಲಿ, ಕೂದಲೆಳೆ ಅಂತರ ಅಳೆಯುವ ಡಯಲ್ ಗೇಜು ಎಲ್ಲಾ ಕೈಗೆಟಕುವಲ್ಲೇ ಇವೆ. ಗಾಡಿ ಕೆಲಸ ನನ್ನ ಕಸುಬಲ್ಲ, ಭಾನುವಾರದ ಹುಚ್ಚು. ಮನೆಯವಳು ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಅದು ಇಲ್ಲಿ ಬೇಡ.

ಗಾಡಿ 1950ರ ಷೆವ್ರೊಲೆ 3100, ಅರ್ಧ ಟನ್ ಪಿಕಪ್. ಶ್ರೀನಿವಾಸಪುರದ ಕಡೆ ಒಂದು ಮಾವಿನ ತೋಪಿನ ಶೆಡ್ಡಿನಲ್ಲಿ ನಿಂತಿತ್ತು. ಜನರಲ್ ಮೋಟರ್ಸ್‌ನವರು 1928ರಿಂದ ಮುಂಬೈಯ ಸೇವ್ರಿಯಲ್ಲಿ ಷೆವ್ರೊಲೆ ಜೋಡಿಸುತ್ತಿದ್ದರು, 1954ಕ್ಕೆ ಬಾಗಿಲು ಹಾಕಿಕೊಂಡು ಹೋದರು. ಆ ಕಾಲದ ಬಲಗೈ ಸ್ಟೀರಿಂಗ್ ಗಾಡಿ ಇದು. ಕೆಜಿಎಫ್ ಕಡೆಯಿಂದ ಹರಾಜಿನಲ್ಲಿ ಬಂದದ್ದು ಅಂತ ತೋಪಿನ ಯಜಮಾನರು ಹೇಳಿದರು. ಹಳೇ ಮೈಸೂರಿನ 'ಎಂವೈ' ನಂಬರ್, ಆರ್‌ಸಿ ಪುಸ್ತಕ ಮಡಿಕೆಯಲ್ಲಿ ನಾಲ್ಕು ತುಂಡಾಗಿತ್ತು. 1973ರ ನಂತರ ಪೆಟ್ರೋಲ್ ರೇಟು ಏರಿದಾಗ ಊರಿನ ಅಮೆರಿಕನ್ ಗಾಡಿಗಳಿಗೆಲ್ಲ ಆದ ಗತಿಯೇ ಇದಕ್ಕೂ ಆಗಿದೆ: ಮೂಲ ಪೆಟ್ರೋಲ್ ಎಂಜಿನ್ ಇಳಿಸಿ, ಸಿಂಪ್ಸನ್ ಪರ್ಕಿನ್ಸ್ ನಾಲ್ಕು ಸಿಲಿಂಡರ್ ಡೀಸೆಲ್ ಏರಿಸಿದ್ದಾರೆ. ಆಮೇಲೆ ಅದು ಎಷ್ಟೋ ವರ್ಷ ಟೊಮ್ಯಾಟೊ ಹೊತ್ತಿದೆ. ಹಿಂದಿನ ಮರದ ಹಲಗೆಗಳ ಸಂದಿನಲ್ಲಿ ಈಗಲೂ ಬೀಜ ಸಿಗುತ್ತದೆ.

ಇದನ್ನು ಹಾಟ್ ರಾಡ್ ಮಾಡಬೇಕು ಅಂತ ಆಸೆ. ಚಕ್ರ ಸ್ವಲ್ಪ ಅಗಲ, ನಿಲುವು ಸ್ವಲ್ಪ ತಗ್ಗು, ಬಾನೆಟ್ ಎತ್ತಿದರೆ ಜನ ನಿಂತು ನೋಡುವಂಥ ಎಂಜಿನ್. ಕ್ಯಾಲಿಫೋರ್ನಿಯಾದ ಒಣಗಿದ ಕೆರೆ ಅಂಗಳಗಳಲ್ಲಿ 1930ರ ದಶಕದಲ್ಲಿ ಹುಡುಗರು ಹಳೇ ಫೋರ್ಡ್‌ಗಳ ಮೈ ಕಳಚಿ ಓಡಿಸಿದ್ದೇ ಈ ಆಟದ ಶುರು. ಒಣ ಕೆರೆ ಅಂಗಳಕ್ಕೆ ನಮ್ಮ ಜಿಲ್ಲೆಯಲ್ಲೂ ಬರವಿರಲಿಲ್ಲ, ಈಚೆಗೆ ಕೆ.ಸಿ. ವ್ಯಾಲಿಯಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಬಂದು ಒಂದಷ್ಟು ತುಂಬಿವೆ.

ಮೊದಲ ತಿಂಗಳು: ಎಲ್ಲರೂ ಎಂಜಿನ್ ತಜ್ಞರೇ

ಪರ್ಕಿನ್ಸ್ ಇಳಿದ ಮಾರನೇ ದಿನದಿಂದ ಅಂಗಡಿಗೆ ಬಂದವರೆಲ್ಲ ಒಂದೊಂದು ಎಂಜಿನ್ ಹೇಳಿದರು. ಮೋಟರ್ ಬಿಚ್ಚಿಸಲು ಬಂದ ರೈತರು ಕೂಡ, "ಆ ಡೀಸಲ್ಲೇ ಇರ್ಲಿ ಬಿಡಣ್ಣ, ಲೀಟರ್‌ಗೆ ಹದಿನೈದು ಕೊಡ್ತದೆ" ಅಂದರು. ಮಾತು ಸುಳ್ಳಲ್ಲ. ಆದರೆ ಡೀಸೆಲ್ ಎಂಜಿನ್‌ನ ಲೆಕ್ಕ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಾಕಿ ನೋಡಿದೆ.

ಟೈರಿಗೆ ಒಂದು ಗುರುತು ಮಾಡಿ, ಗಾಡಿಯನ್ನು ಸಿಮೆಂಟ್ ನೆಲದ ಮೇಲೆ ಒಂದು ಸುತ್ತು ಉರುಳಿಸಿ ಅಳೆದರೆ 2 ಮೀಟರ್ 23 ಸೆಂಟಿಮೀಟರ್. ಹಿಂದಿನ ಚಕ್ರಗಳ ನಡುವಿನ ಹೌಸಿಂಗ್‌ನಲ್ಲಿ ಕ್ರೌನ್ ಗೇರಿಗೆ 37 ಹಲ್ಲು, ಅದನ್ನು ತಿರುಗಿಸುವ ಪಿನಿಯನ್ ಗೇರಿಗೆ 9 ಹಲ್ಲು, ಅಂದರೆ 4.11. ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ ಸುತ್ತಬೇಕು. ಪರ್ಕಿನ್ಸ್ ಎರಡು ಸಾವಿರ ಆರ್‌ಪಿಎಂನಲ್ಲಿ ತಿರುಗಿದರೆ ಗಾಡಿ 65 ಕಿಲೋಮೀಟರ್ ವೇಗಕ್ಕೆ ಬರುತ್ತದೆ. ಅದರಾಚೆ, ಎಂಜಿನ್ ವೇಗಕ್ಕೆ ಕಡಿವಾಣ ಹಾಕುವ ಗವರ್ನರ್ ಬಿಡುವುದಿಲ್ಲ, ಬಿಟ್ಟರೂ ಕ್ಯಾಬಿನ್ ಒಳಗೆ ಕೂತವರ ಹಲ್ಲು ಬಿಡುವುದಿಲ್ಲ. ಮುಳಬಾಗಿಲು ಹೈವೇಯಲ್ಲಿ 65ಕ್ಕೆ ಹೋದರೆ ಹಿಂದಿನಿಂದ ತರಕಾರಿ ಲಾರಿಯವನೇ ಹಾರ್ನ್ ಹೊಡೆದು ದಾಟುತ್ತಾನೆ. ಅದಕ್ಕೆ ಹಾಟ್ ರಾಡ್ ಅನ್ನುವ ಹೆಸರೇಕೆ?

ಅಳಿಯನದು ಒಂದೇ ಹಠ: ಸ್ಕಾರ್ಪಿಯೋದ ಎಂಹಾಕ್ ಡೀಸೆಲ್ ಎಂಜಿನ್. 2.2 ಲೀಟರ್, 120 ಅಶ್ವಶಕ್ತಿ, ಆಕ್ಸಿಡೆಂಟ್ ಗಾಡಿಯದು ಗೇರ್‌ಬಾಕ್ಸ್ ಸಮೇತ ಸಿಗುತ್ತದೆ. "ಮಾವ, ಟರ್ಬೋ ಕೂಗಿದ್ರೆ ರೋಮ ನಿಂತ್ಕೋತವೆ." ನಿಂತುಕೊಳ್ಳುತ್ತವೆ, ನಿಜ. ಆದರೆ ಆ ಎಂಜಿನ್ ಬರೀ ಕಬ್ಬಿಣವಾಗಿ ಬರುವುದಿಲ್ಲ. ಇಸಿಯು ಅನ್ನುವ ಕಂಪ್ಯೂಟರ್, ಕಳ್ಳತನ ತಡೆಯುವ ಇಮ್ಮೊಬಿಲೈಸರ್, ಸೆನ್ಸರ್ ಇರುವ ಆಕ್ಸಿಲರೇಟರ್ ಪೆಡಲ್, ಇಂಟರ್‌ಕೂಲರ್, ರಿಟರ್ನ್ ಲೈನ್ ಇರುವ ಡೀಸೆಲ್ ಟ್ಯಾಂಕ್, ಇವೆಲ್ಲ ದಿಬ್ಬಣದ ಹಾಗೆ ಹಿಂದೆಯೇ ಬರುತ್ತವೆ. ಅದೂ ಹೋಗಲಿ, ಆರ್‌ಸಿಯಲ್ಲಿ ಇಂಧನ ಅನ್ನುವ ಕಡೆ 'ಪೆಟ್ರೋಲ್' ಅಂತಲೇ ಇದೆ. ಪರ್ಕಿನ್ಸ್ ಹಾಕಿದವರು ಅದನ್ನು ಬದಲಾಯಿಸುವ ಗೋಜಿಗೇ ಹೋಗಿಲ್ಲ.

ಇನ್ನೊಬ್ಬ ಸ್ನೇಹಿತರು ಅಂಬಾಸಿಡರ್‌ಗೆ ಬರುತ್ತಿದ್ದ 1.8 ಇಸುಜು ಪೆಟ್ರೋಲ್ ತಂದೇ ಬಿಟ್ಟರು, ಆಟೋದಲ್ಲಿ ಹಾಕಿಕೊಂಡು. ಒಳ್ಳೇ ಎಂಜಿನ್, ಸ್ಪೇರ್ ಇವತ್ತಿಗೂ ಸಿಗುತ್ತದೆ. ಷೆವ್ರೊಲೆ ಬಾನೆಟ್ ಮೊಸಳೆ ಬಾಯಿ ತೆರೆದ ಹಾಗೆ ಮುಂದಿನಿಂದ ಮೇಲಕ್ಕೆ ಏಳುತ್ತದೆ. ಒಳಗೆ ಆಳವಾದ, ಉದ್ದವಾದ, ಆದರೆ ಇಕ್ಕಟ್ಟಾದ ಜಾಗ. ಇಸುಜುವನ್ನು ಚೈನಿನಲ್ಲಿ ಇಳಿಬಿಟ್ಟು ನೋಡಿದೆವು. ಬಾವಿಯಲ್ಲಿ ಕಪ್ಪೆ ಕೂತ ಹಾಗಿತ್ತು. ವಾಪಸ್ ಆಟೋ ಹತ್ತಿಸಿದೆವು.

ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್ನಿನ ವಿಷಯ ನಾನೇ ಒಂದು ವಾರ ತಲೆಯಲ್ಲಿ ಇಟ್ಟುಕೊಂಡಿದ್ದೆ. ಅಮೆರಿಕದಲ್ಲಿ ಈ ಗಾಡಿಗೆ ಷೆವ್ರೊಲೆ 350 ಹಾಕುವುದು ನಮ್ಮಲ್ಲಿ ಅನ್ನಕ್ಕೆ ಸಾರು ಹಾಕಿದಷ್ಟೇ ಸಹಜ. ನನ್ನ ಮಟ್ಟಿಗೆ ಸುಂಕ, ಸಾಗಾಣಿಕೆ ಎಲ್ಲ ಸೇರಿಸಿದರೆ ಅಂಗಡಿಯನ್ನೇ ಅಡ ಇಡಬೇಕಾಗುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಗಾಡಿಯ ಹೊಟ್ಟೆಯಡಿ ಇತ್ತು.

ಟಾರ್ಕ್ ಟ್ಯೂಬ್ ಅನ್ನುವ ಯಜಮಾನ

ಈಗಿನ ಪಿಕಪ್ ಅಡಿ ಬಗ್ಗಿ ನೋಡಿದರೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಜಾಯಿಂಟ್ ಶಾಫ್ಟ್ ಬಯಲಲ್ಲಿ ತಿರುಗುವುದು ಕಾಣುತ್ತದೆ, ಎರಡೂ ತುದಿಗೆ ಕ್ರಾಸ್ ಅನ್ನುವ ಕೀಲು. ನಮ್ಮ ಷೆವ್ರೊಲೆ ಅಡಿ ಶಾಫ್ಟೇ ಕಾಣುವುದಿಲ್ಲ. ಅದು ಒಂದು ದಪ್ಪ ಕೊಳವೆಯೊಳಗೆ ತಿರುಗುತ್ತದೆ, ಆ ಕೊಳವೆಯೇ ಟಾರ್ಕ್ ಟ್ಯೂಬ್. ಕೊಳವೆಯ ಹಿಂದಿನ ತುದಿ ಹೌಸಿಂಗ್‌ಗೆ ಬೋಲ್ಟ್ ಆಗಿದೆ, ಮುಂದಿನ ತುದಿ ಗೇರ್‌ಬಾಕ್ಸ್ ಹಿಂಬದಿಯಲ್ಲಿ ಗುಂಡು ಬಟ್ಟಲಿನಂಥ ಜಾಗದಲ್ಲಿ ಕೂರುತ್ತದೆ. ಇರುವುದು ಒಂದೇ ಕ್ರಾಸ್, ಅದೂ ಆ ಗುಂಡಿನೊಳಗೆ. ಹಿಂದಿನ ಚಕ್ರ ಗಾಡಿಯನ್ನು ನೂಕುತ್ತದಲ್ಲ, ಆ ನೂಕು ಪಟ್ಟಾಗಳ ಮೂಲಕ ಅಲ್ಲ, ಈ ಕೊಳವೆಯ ಮೂಲಕ ಗೇರ್‌ಬಾಕ್ಸಿಗೆ, ಅಲ್ಲಿಂದ ಚಾಸಿಸ್‌ಗೆ ಬರುತ್ತದೆ. ಅರ್ಧ ಟನ್ ಷೆವ್ರೊಲೆಗಳಲ್ಲಿ 1954ರವರೆಗೂ ಇದೇ ವ್ಯವಸ್ಥೆ.

ಹಾಗಾಗಿ ಗೇರ್‌ಬಾಕ್ಸ್ ಬದಲಿಸಿದರೆ ಕೊಳವೆ ಹೋಯಿತು. ಕೊಳವೆ ಹೋದರೆ ಹೌಸಿಂಗ್ ಹೋಯಿತು. ಹೌಸಿಂಗ್ ಜೊತೆ ಹಿಂದಿನ ಬ್ರೇಕು, ಹ್ಯಾಂಡ್ ಬ್ರೇಕ್ ಕೇಬಲ್ಲು, ಪಟ್ಟಾ ಕೂರುವ ಜಾಗ, ಎಲ್ಲ. ಮಹೀಂದ್ರ ಜೀಪಿನ ಹೌಸಿಂಗ್ ಹಾಕೋಣ ಅಂದರೆ ಅದಕ್ಕೆ ಐದು ಬೋಲ್ಟಿನ ಚಕ್ರ, ಷೆವ್ರೊಲೆಗೆ ಆರು. ತಮಾಷೆ ಅಂದರೆ ಬೋಲ್ಟು ಕೂರುವ ವೃತ್ತ ಎರಡರಲ್ಲೂ ಒಂದೇ, ಐದೂವರೆ ಇಂಚು. ಒಂದೇ ಒಂದು ಬೋಲ್ಟಿನ ಜಗಳಕ್ಕೆ ಮುಂದೊಂದು ಸ್ಟೆಪ್ನಿ, ಹಿಂದೊಂದು ಸ್ಟೆಪ್ನಿ ಇಟ್ಟುಕೊಂಡು ಓಡಾಡಬೇಕು.

ಅಲ್ಲಿಗೆ ಪ್ರಶ್ನೆಯೇ ತಿರುಗಿತು. ಎಷ್ಟು ಅಶ್ವಶಕ್ತಿ ಬೇಕು ಅಂತ ಕೇಳಿಕೊಳ್ಳುತ್ತಿದ್ದವನು, ಈ ಮೂರು ಗೇರಿನ ಬಾಕ್ಸು, ಈ ಕೊಳವೆ, ಈ ಹೌಸಿಂಗ್ ಯಾವ ಎಂಜಿನ್ನನ್ನು ತಡೆದುಕೊಳ್ಳುತ್ತವೆ ಅಂತ ಕೇಳಿಕೊಳ್ಳಲು ಶುರು ಮಾಡಿದೆ. ಮೂಲದಲ್ಲಿ ಇದಕ್ಕಿದ್ದದ್ದು ಸುಮಾರು 90 ಅಶ್ವಶಕ್ತಿಯ ಎಂಜಿನ್. ಅದಕ್ಕಿಂತ ಸ್ವಲ್ಪ ಮೇಲೆ ಹೋಗಬಹುದು, ಮೂರು ಪಟ್ಟು ಹೋಗಲು ಆಗದು. ಬ್ರೇಕೂ ಅಷ್ಟೇ, ನಾಲ್ಕೂ ಕಡೆ ಡ್ರಮ್, ಒಂದೇ ಸರ್ಕ್ಯೂಟು. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರ ಕೈಬಿಟ್ಟಂತೆ. ಎಂಜಿನ್ ಯಾವುದಾದರೂ ಆಗಲಿ, ಮಾಸ್ಟರ್ ಸಿಲಿಂಡರ್ ಡಬಲ್ ಸರ್ಕ್ಯೂಟ್ ಮಾಡದೆ ಗೇಟ್ ದಾಟಿಸುವುದಿಲ್ಲ ಅಂತ ಅವತ್ತೇ ಗೋಡೆ ಮೇಲೆ ಬರೆದಿಟ್ಟೆ.

ಮೂಲ 216ನ ಆಸೆ ಬಿಟ್ಟದ್ದು

ಇಷ್ಟು ಗೊತ್ತಾದ ಮೇಲೆ ಮೂಲ ಎಂಜಿನ್ನೇ ಹುಡುಕಿ ಹಾಕಬಾರದೇಕೆ? ಹುಡುಕಿದೆವು. ಇದರದ್ದೇ ನಂಬರಿನದು ಎಂದೋ ಗುಜರಿ ಸೇರಿದೆ. ಬೆಂಗಳೂರಿನ ಶಿವಾಜಿನಗರದ ಕಡೆ ಅದೇ ಮಾದರಿಯ ಇನ್ನೊಂದು ಸಿಕ್ಕಿತು. 216 ಘನ ಇಂಚು, ಅಂದರೆ ಮೂರೂವರೆ ಲೀಟರ್, ಸಾಲಾಗಿ ಆರು ಸಿಲಿಂಡರ್. ಸ್ಟೋವ್‌ಬೋಲ್ಟ್ ಅಂತ ಅಡ್ಡಹೆಸರು.

ಅದನ್ನು ನೋಡಲು ರಾಬರ್ಟ್‌ಸನ್‌ಪೇಟೆಯ ಒಬ್ಬ ಹಿರಿಯ ಫಿಟ್ಟರ್‌ರನ್ನು ಕರೆತಂದೆ. ಗಣಿ ವರ್ಕ್‌ಶಾಪಿನಲ್ಲಿ ದುಡಿದವರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಮನೆ ಹಿಂದೆಯೇ ಸಣ್ಣ ಕೆಲಸ ಮಾಡಿಕೊಂಡಿದ್ದಾರೆ. ನಾನು ಮೇಸ್ತ್ರಿ ಅನ್ನುತ್ತೇನೆ, ಅವರು ನನ್ನನ್ನು ತಂಬಿ ಅನ್ನುತ್ತಾರೆ. ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಅಂದರೆ ಸಂಪ್ ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ನೋಡಿದವರು ಕನೆಕ್ಟಿಂಗ್ ರಾಡ್ ಕೆಳಗೆ ಬೆರಳಿಟ್ಟು ತೋರಿಸಿದರು. ಪ್ರತಿ ರಾಡಿನ ಅಡಿಗೂ ಒಂದು ಪುಟ್ಟ ಸೌಟು.

ಈ ಎಂಜಿನ್‌ನಲ್ಲಿ ಮೇನ್ ಬೇರಿಂಗ್‌ಗಳಿಗೆ ಪಂಪಿನಿಂದ ಆಯಿಲ್ ಬರುತ್ತದೆ, ರಾಡ್‌ಗಳಿಗೆ ಬರುವುದಿಲ್ಲ. ರಾಡ್ ಕೆಳಗೆ ಬಂದಾಗಲೆಲ್ಲ ತೊಟ್ಟಿಯಲ್ಲಿನ ಆಯಿಲನ್ನು ಈ ಸೌಟು ಮೊಗೆದುಕೊಳ್ಳಬೇಕು. ವೇಗ ಹೆಚ್ಚಿದಾಗ ತೊಟ್ಟಿಯ ಪಕ್ಕದ ನಳಿಗೆಗಳಿಂದ ಬರುವ ಧಾರೆ ಸೌಟಿಗೆ ಬಡಿಯುತ್ತದೆ. ಗೇಜಿನಲ್ಲಿ ಹದಿನೈದು ಪೌಂಡ್ ಪ್ರೆಷರ್ ತೋರಿಸಿದರೆ ಈ ಎಂಜಿನ್ನಿಗೆ ಅದೇ ಆರೋಗ್ಯ. ಬೇರಿಂಗು ತೆಗೆದು ಹೊಸದು ಹಾಕುವ ಶೆಲ್ ಅಲ್ಲ, ರಾಡಿಗೇ ಎರಕ ಹೊಯ್ದ ವೈಟ್ ಮೆಟಲ್. ಅದು ಹೋದರೆ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವುದಿಲ್ಲ, ಕರಗಿಸಿ ಹೊಯ್ದು, ಬೋರ್ ಮಾಡಿ, ನೀಲಿ ಬಣ್ಣ ಹಚ್ಚಿ ಕೆರೆದು ಕೂರಿಸಬೇಕು.

"ನಾನು ಹೊಯ್ತೀನಿ ತಂಬಿ, ಗಣೀಲಿ ಇದಕ್ಕಿಂತ ದೊಡ್ಡ ದೊಡ್ಡ ಬೇರಿಂಗ್ ಹೊಯ್ದಿದೀನಿ. ಆದ್ರೆ ನೀನು ಓಡಿಸೋ ಸ್ಪೀಡು ಹೇಳು ಮೊದ್ಲು."

"ಎಂಬತ್ತು, ಎಂಬತ್ತೈದು."

ಅದೇ 4.11 ಲೆಕ್ಕದಲ್ಲಿ 80ಕ್ಕೆ ಎಂಜಿನ್ ಸುಮಾರು 2,450 ಸುತ್ತು. ಒಂದು ಗಂಟೆ ಹೊತ್ತು ಎಡೆಬಿಡದೆ ಅಷ್ಟು ತಿರುಗಿಸಿದರೆ ಸೌಟಿನ ನಂಬಿಕೆಯ ಮೇಲೆ ಕೂರಬೇಕು. ಮೇಸ್ತ್ರಿ ತಲೆ ಆಡಿಸಿದರು. ಸಂಜೆ ತೋಟ ಸುತ್ತಲು, ಜಾತ್ರೆಗೆ ಹೋಗಿಬರಲು 216 ಚಿನ್ನದಂಥ ಎಂಜಿನ್, ಅದರ ಮೇಲೆ ಕಾಲು ಒತ್ತಲು ಹೋದರೆ ಅದು ಕೈ ಕೊಡುತ್ತದೆ ಅನ್ನುವುದು ಅವರ ಮಾತು. ಮೇಲಾಗಿ ನಮಗೆ ಸಿಕ್ಕ ಆ ಬ್ಲಾಕಿನ ಪಕ್ಕದಲ್ಲಿ ಎರಡು ಇಂಚು ಬಿರುಕು ಇತ್ತು, ಮಾರುವವರು ಅದರ ಮೇಲೆ ದಪ್ಪನೆ ಗ್ರೀಸ್ ಬಳಿದಿದ್ದರು. ಬಂದ ದಾರಿಗೆ ಸುಂಕ ಇಲ್ಲ ಅಂತ ಎದ್ದು ಬಂದೆವು.

ನಿಮ್ಮ ಹತ್ತಿರ ಇಂಥ ಗಾಡಿ ಮೂಲ ಎಂಜಿನ್ ಸಮೇತ ಇದ್ದರೆ ದಯವಿಟ್ಟು ಇಳಿಸಬೇಡಿ. 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ ಐವತ್ತು ವರ್ಷ ಮೀರಿದ ವಾಹನಕ್ಕೆ ಬೇರೆ ನೋಂದಣಿ ಕೊಡುವಾಗ ಮೊದಲು ನೋಡುವುದೇ ಚಾಸಿಸ್, ಬಾಡಿ, ಎಂಜಿನ್ ಮೂಲದ್ದೇ ಇದೆಯಾ ಅಂತ. ನಮ್ಮ ಗಾಡಿಗೆ ಆ ಬಾಗಿಲು ಪರ್ಕಿನ್ಸ್ ಏರಿಸಿದ ದಿನವೇ ಮುಚ್ಚಿದೆ.

ಜೋಂಗಾ

ಹೆಸರು ಹೊರಬಿದ್ದದ್ದು ಮೇಸ್ತ್ರಿ ಬಾಯಿಂದಲೇ, ಬಂಗಾರಪೇಟೆಯಲ್ಲಿ ಚಾಟ್ಸ್ ತಿನ್ನುತ್ತಾ. "ಮಿಲಿಟರಿ ಜೋಂಗಾ ಗೊತ್ತಲ್ಲ? ಅದೂ ಆರು ಸಿಲಿಂಡರ್, ಅದೂ ಪೆಟ್ರೋಲ್."

ಜೋಂಗಾ ಅಂದರೆ ಜಬಲ್ಪುರದಲ್ಲಿ ಸೇನೆಗಾಗಿ ತಯಾರಾಗುತ್ತಿದ್ದ ನಿಸಾನ್ ಪೆಟ್ರೋಲ್ 60. ಇಂಧನದ ಪೆಟ್ರೋಲ್ ಅಲ್ಲ, ಗಸ್ತು ಅನ್ನುವ ಅರ್ಥದ ಪೆಟ್ರೋಲ್, ಅದೇ ಆ ಗಾಡಿಯ ಹೆಸರು. ಹೆಸರಿನ ಐದು ಇಂಗ್ಲಿಷ್ ಅಕ್ಷರವೂ ಜಬಲ್ಪುರದ ಕಾರ್ಖಾನೆ ಹೆಸರಿನಿಂದ ಆಯ್ದವೇ. 1999ರವರೆಗೂ ಬಂತು. ಎಂಜಿನ್ 3,956 ಸಿಸಿ, ಬೋರ್ 85.7 ಮಿಲಿಮೀಟರ್, ಸ್ಟ್ರೋಕ್ 114.3, ಸುಮಾರು 110 ಅಶ್ವಶಕ್ತಿ. ಶೆಲ್ ಬೇರಿಂಗು, ರಾಡಿಗೂ ಪಂಪಿನ ಆಯಿಲು. ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವ ಯಾವ ಮಷೀನ್ ಶಾಪಿಗೆ ಹೋದರೂ 'ಹತ್ತು ಸೈಜಾ, ಇಪ್ಪತ್ತು ಸೈಜಾ' ಅಂತ ಕೇಳಿ ಕೆಲಸಕ್ಕೆ ಇಳಿಯುತ್ತಾರೆ.

ನಾನು ರಾತ್ರಿ ಕೂತು ಲೆಕ್ಕ ಹಾಕಿದೆ. ಸ್ಟ್ರೋಕ್ ಉದ್ದ, ಷೆವ್ರೊಲೆಯ 95 ಮಿಲಿಮೀಟರಿಗೆ ಇದರದ್ದು 114. ಅದೇ 80ರ ವೇಗದಲ್ಲಿ ಷೆವ್ರೊಲೆ ಪಿಸ್ಟನ್ ಸೆಕೆಂಡಿಗೆ 7.8 ಮೀಟರ್ ಓಡಿದರೆ ಇದರದ್ದು 9.3 ಮೀಟರ್. ಅಂದರೆ ಇದೂ ಕಿರುಚಿಸುವ ಎಂಜಿನ್ ಅಲ್ಲ, ಎತ್ತಿನ ಹಾಗೆ ಕೆಳಗಿನಿಂದಲೇ ಎಳೆಯುವಂಥದು. ಆದರೆ ಆಯಿಲ್ ಸರಿಯಾಗಿ ಸಿಗುವುದರಿಂದ ಆ ವೇಗದಲ್ಲಿ ಗಂಟೆಗಟ್ಟಲೆ ಇರಬಲ್ಲದು. ಹಳೇ ಬಾಕ್ಸಿಗೂ ಕೊಳವೆಗೂ 90ರ ಜಾಗದಲ್ಲಿ 110 ಬಂದರೆ ಅಂಥ ಹೊರೆಯಲ್ಲ. ಉದ್ದ ಮೂತಿಗೆ ಉದ್ದ ಎಂಜಿನ್. ಇಂಧನ ಪೆಟ್ರೋಲ್, ಸಿಲಿಂಡರ್ ಆರು, ಆರ್‌ಸಿಯಲ್ಲಿ ಇರುವುದೂ ಅದೇ.

ಲೀಟರಿಗೆ ನಾಲ್ಕೋ ಐದೋ ಕಿಲೋಮೀಟರ್. ಅದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಕಾಗದದ ವಿಷಯ ಇಲ್ಲೇ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟದ್ದಕ್ಕಿಂತ ಗಾಡಿಯನ್ನು ಬೇರೆ ಮಾಡುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಬಿಗಿಯಾಗಿ ಹೇಳಿತು. ಎಂಜಿನ್ ಬದಲಿಸುವುದಾದರೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಅರ್ಜಿ, ಎಂಜಿನ್ ಖರೀದಿಯ ಬಿಲ್ಲು, ಹರಾಜಿನ ಪತ್ರದ ನಕಲು ಕೊಟ್ಟಿದ್ದೇನೆ. ಉತ್ತರ ಬರುವ ತನಕ ಗಾಡಿ ರಸ್ತೆಗೆ ಇಳಿಯುವುದಿಲ್ಲ. ಬೇಡ ಅಂದರೆ? ಅದು ಮೊದಲು ನಿಂತಿದ್ದ ಮಾವಿನ ತೋಪು ಎಂಟು ಎಕರೆ ಇದೆ, ಅಲ್ಲೇ ಓಡಲಿ.

'ರನ್ನಿಂಗ್ ಎಂಜಿನ್ ಅಣ್ಣ'

ಸೇನೆಯ ಹಳೇ ಸಾಮಾನು ಹರಾಜಿನಲ್ಲಿ ಹಿಡಿದು ಮಾರುವವರೊಬ್ಬರ ಹತ್ತಿರ ಎರಡು ಜೋಂಗಾ ಎಂಜಿನ್ ಇದ್ದವು. ಒಂದರ ಮೇಲೆ ಸೀಮೆಸುಣ್ಣದಲ್ಲಿ 'ಓಕೆ' ಅಂತ ಬರೆದಿತ್ತು. "ರನ್ನಿಂಗ್ ಎಂಜಿನ್ ಅಣ್ಣ, ಬ್ಯಾಟ್ರಿ ಕೊಟ್ರೆ ಮಾತಾಡ್ತದೆ." ಬ್ಯಾಟರಿ ಕೊಡೋಣ ಅಂದರೆ ಅದರ ಸ್ಟಾರ್ಟರ್ 24 ವೋಲ್ಟಿನದು. ನಮ್ಮ ಷೆವ್ರೊಲೆ ಮೂಲದಲ್ಲಿ 6 ವೋಲ್ಟು. ನಾವು ತಂದಿದ್ದದ್ದು 12 ವೋಲ್ಟಿನ ಬ್ಯಾಟರಿ. ಎರಡನೇ ಬ್ಯಾಟರಿ ತರಿಸಿ ಸರಣಿಯಲ್ಲಿ ಕೊಟ್ಟೆವು.

ಪ್ಲಗ್ ಬಿಚ್ಚಿ ಕಂಪ್ರೆಷನ್ ನೋಡಿದರೆ ಐದು ಸಿಲಿಂಡರ್ 105ರಿಂದ 112 ಪೌಂಡಿನೊಳಗೆ, ಆರನೆಯದು ಮಾತ್ರ 60. ಮಾರುವವರು ಗೇಜೇ ಸರಿಯಿಲ್ಲ ಅಂದರು. ಆರನೇ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ತಿರುಗಿಸಿದೆವು. ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಮುಳ್ಳು ಮೇಲೆ ಏರಬೇಕು. ಏರಲಿಲ್ಲ, 62. ಅಂದರೆ ತೊಂದರೆ ಕೆಳಗಿಲ್ಲ, ಮೇಲೆ, ವಾಲ್ವಿನಲ್ಲಿ. ನನಗೆ ಅದು ಒಳ್ಳೇ ಸುದ್ದಿಯೇ, ವಾಲ್ವ್ ಕೆಲಸ ಬೋರಿಗಿಂತ ಅಗ್ಗ. ಆದರೆ ಆ ಖುಷಿ ಮುಖದಲ್ಲಿ ಕಾಣಿಸದ ಹಾಗೆ ನಿಲ್ಲುವುದು ಮೇಸ್ತ್ರಿಗೆ ಮಾತ್ರ ಬರುತ್ತದೆ. ಅವರು ಟವೆಲ್ ಹೆಗಲಿಗೆ ಹಾಕಿಕೊಂಡು, "ನಡಿ ತಂಬಿ, ಬೇರೆ ನೋಡೋಣ" ಅಂತ ಗೇಟಿನ ತನಕ ಹೋದರು. ಗೇಟಿನಲ್ಲಿ ನಾಲ್ಕು ಸಾವಿರ ಇಳಿಯಿತು.

ಹೆಡ್ ಎತ್ತಿದಾಗ ಆರನೇ ಎಕ್ಸಾಸ್ಟ್ ವಾಲ್ವಿನ ಅಂಚು ಕಾಲು ಭಾಗ ಸುಟ್ಟು, ಇಲಿ ಕಚ್ಚಿದ ದೋಸೆಯ ಹಾಗೆ ಇತ್ತು. ಬೋರ್ ಅಳೆದರೆ ಹಿಂದೊಮ್ಮೆ ಇಪ್ಪತ್ತು ತೌ (ಒಂದು ತೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ದೊಡ್ಡದು ಮಾಡಿಸಿದ್ದಾರೆ, ಸವೆತ ಕಡಿಮೆ. ವಾಲ್ವ್, ಸೀಟು, ಹೆಡ್ ಪ್ಲೇನಿಂಗ್, ಹೊಸ ರಿಂಗು, ಶೆಲ್ಲು. ಫ್ಯೂಯಲ್ ಪಂಪಿನ ಡಯಾಫ್ರಾಮ್ ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ತಡೆಯುವಂಥದ್ದು ಹಾಕಿದೆವು, ಹಳೇ ರಬ್ಬರ್ ಪೈಪ್ ಒಂದನ್ನೂ ಉಳಿಸಲಿಲ್ಲ.

ಪ್ಲೇಟು

ಇನ್ನು ನಿಸಾನ್ ಎಂಜಿನ್ನಿಗೂ ಷೆವ್ರೊಲೆ ಬೆಲ್ ಹೌಸಿಂಗ್‌ಗೂ (ಗೇರ್‌ಬಾಕ್ಸಿನ ಮುಂದೆ ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚ) ಮದುವೆ ಮಾಡಿಸಬೇಕು. ನಡುವೆ ಒಂದು ಅಡಾಪ್ಟರ್ ಪ್ಲೇಟು. ನಿಜ ಹೇಳಬೇಕೆಂದರೆ ಈ ಉಪಾಯ ನಮ್ಮದಲ್ಲ. ಪರ್ಕಿನ್ಸ್ ಹಾಕಿದ ಹಳೇ ಮೆಕ್ಯಾನಿಕ್ ಕೂಡ ಇದನ್ನೇ ಮಾಡಿದ್ದ, ಹಾಗಾಗಿಯೇ ಟಾರ್ಕ್ ಟ್ಯೂಬ್ ಇವತ್ತಿಗೂ ಉಳಿದಿದೆ. ಅವನ ಪ್ಲೇಟನ್ನು ಸೀಮೆಎಣ್ಣೆಯಲ್ಲಿ ತೊಳೆದಾಗ ಅಂಚಿನ ಉದ್ದಕ್ಕೂ ಚಾಣದ ಏಟುಗಳು ಕಂಡವು. ಅರ್ಧ ಇಂಚು ದಪ್ಪದ ಪ್ಲೇಟಿನ ನಡುವಿನ ದೊಡ್ಡ ತೂತನ್ನು ಸುತ್ತಲೂ ಸಣ್ಣ ತೂತು ಕೊರೆದು, ಚಾಣದಲ್ಲಿ ಕಡಿದು, ಆಮೇಲೆ ಅರದಲ್ಲಿ ಉಜ್ಜಿ ಗುಂಡಗೆ ಮಾಡಿದ್ದಾನೆ. ಮೇಸ್ತ್ರಿ ಅದರ ಒಳಅಂಚಿನ ಮೇಲೆ ಹೆಬ್ಬೆರಳು ಎಳೆದು, ಏನೂ ಹೇಳದೆ ಬೆಂಚಿನ ಮೇಲೆ ಮೆಲ್ಲಗೆ ಇಟ್ಟರು.

ನಾನು ಲೇತ್ ಇರುವವನು, ಅವನಿಗಿಂತ ಚೆನ್ನಾಗಿ ಮಾಡಬೇಕಲ್ಲ. ನಿಸಾನ್ ಬ್ಲಾಕಿನ ಹಿಂಭಾಗಕ್ಕೆ ದಪ್ಪ ಕಾಗದ ಒತ್ತಿ ತೂತುಗಳ ಅಚ್ಚು ತೆಗೆದೆ, ಷೆವ್ರೊಲೆ ಬೆಲ್ ಹೌಸಿಂಗಿನ ಅಚ್ಚನ್ನೂ ತೆಗೆದೆ. ಎರಡರ ನಡುಬಿಂದು ಸೇರಿಸಿದೆ. 12 ಮಿಲಿಮೀಟರ್ ಪ್ಲೇಟನ್ನು ಗ್ಯಾಸಿನಲ್ಲಿ ಕತ್ತರಿಸಿದೆ, ಬೋಲ್ಟ್ ತೂತು ಕೊರೆದೆ, ಡೋವೆಲ್ ಪಿನ್ನಿನ ತೂತಿಗೆ ರೀಮರ್ ಹೊಡೆದು ನುಣುಪು ಮಾಡಿದೆ. ಕೂರಿಸಿದರೆ ಕೂತಿತು. ಗೇರ್‌ಬಾಕ್ಸ್ ತಳ್ಳಿದರೆ ಇನ್‌ಪುಟ್ ಶಾಫ್ಟ್ ಅರ್ಧಕ್ಕೆ ಹೋಗಿ ಹಿಡಿಯಿತು. ಸ್ವಲ್ಪ ಬೋಲ್ಟ್ ಬಿಗಿ ಮಾಡಿದರೆ ಒಳಗೆ ಎಳೆದುಕೊಳ್ಳುತ್ತೆ ಅಂತ ಅಳಿಯ ಸ್ಪ್ಯಾನರ್ ಹಾಕಿದ. ಮೇಸ್ತ್ರಿ ಅವನ ಕೈ ಮೇಲೆ ಒಂದು ಏಟು ಕೊಟ್ಟರು.

ಡಯಲ್ ಗೇಜನ್ನು ಕ್ರ್ಯಾಂಕಿನ ಫ್ಲ್ಯಾಂಜಿಗೆ ಕಟ್ಟಿ, ಅದರ ಮೂತಿಯನ್ನು ಬೆಲ್ ಹೌಸಿಂಗಿನಲ್ಲಿ ಗೇರ್‌ಬಾಕ್ಸ್ ಕೂರುವ ತೂತಿನ ಒಳಗೋಡೆಗೆ ತಾಗಿಸಿ, ಪ್ಲಗ್ ಬಿಚ್ಚಿದ ಎಂಜಿನ್ನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದೆವು. ಮುಳ್ಳು 18 ತೌ ಅಲೆದಾಡಿತು. ಅಂದರೆ ಎರಡರ ನಡುಬಿಂದು 9 ತೌ ಆಚೀಚೆ. ಇದಕ್ಕೆ ಒಪ್ಪುವುದು ಒಟ್ಟು 5 ತೌ. ಹಾಗೇ ಬಿಗಿ ಮಾಡಿದ್ದರೆ ಇನ್‌ಪುಟ್ ಶಾಫ್ಟಿನ ಮೂಗು ಕೂರುವ ಪೈಲಟ್ ಬುಷ್ ಮೊದಲು ಹೋಗುತ್ತಿತ್ತು, ಆಮೇಲೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗು, ಕ್ಲಚ್ ಬಿಡದೆ ಗೇರ್ ಕಿರುಚುವುದು ಅದಕ್ಕೂ ಮುಂಚೆ. ಕುತೂಹಲಕ್ಕೆ ಪರ್ಕಿನ್ಸ್‌ಗೆ ಅವನ ಹಳೇ ಪ್ಲೇಟ್ ಕಟ್ಟಿ ಅಳೆದೆವು. 7 ತೌ. ಲೇತ್ ಇಲ್ಲದೆ, ಅರದಲ್ಲಿ. ಅವತ್ತು ನಾನು ಮಧ್ಯಾಹ್ನ ಊಟ ಸರಿಯಾಗಿ ಮಾಡಲಿಲ್ಲ.

ತಪ್ಪು ಅಳತೆಯಲ್ಲಿ ಮಾತ್ರ ಇರಲಿಲ್ಲ, ಕೆಲಸದ ಕ್ರಮದಲ್ಲಿತ್ತು. ಡೋವೆಲ್ ಅನ್ನುವುದು ಜಾಗವನ್ನು ಕಟ್ಟಿಹಾಕುವ ಗೂಟ. ಜಾಗ ಖಚಿತವಾಗುವ ಮೊದಲೇ ಗೂಟ ಹೊಡೆದಿದ್ದೆ. ಎರಡನೇ ಪ್ಲೇಟನ್ನು ನರಸಾಪುರ ಇಂಡಸ್ಟ್ರಿಯಲ್ ಏರಿಯಾ ಕಡೆ ಲೇಸರ್‌ನಲ್ಲಿ ಕಟ್ ಮಾಡಿಸಿದೆ, ಗ್ಯಾಸಿನ ಶಾಖಕ್ಕೆ ಮೊದಲನೆಯದು ಸ್ವಲ್ಪ ಸೊಟ್ಟಗಾಗಿತ್ತು ಕೂಡ. ಎರಡೂ ಮುಖ ಲೇತಿನಲ್ಲಿ ಸಮ ಮಾಡಿದೆ. ಈ ಸಲ ಬೋಲ್ಟ್ ತೂತುಗಳನ್ನು ಅರ್ಧ ಮಿಲಿಮೀಟರ್ ದೊಡ್ಡದು ಇಟ್ಟೆ, ಡೋವೆಲ್ ತೂತು ಇಡಲೇ ಇಲ್ಲ. ಬೆಲ್ ಹೌಸಿಂಗನ್ನು ಬೋಲ್ಟಿನಲ್ಲಿ ಸಡಿಲವಾಗಿ ಕಟ್ಟಿ, ಡಯಲ್ ನೋಡಿಕೊಂಡು, ಮರದ ಕೊಡತಿಯಲ್ಲಿ ಒಂದೊಂದೇ ಏಟು. ಎಡಕ್ಕೆ ಒಂದು, ಮುಳ್ಳು ಎರಡು ತೌ ಇಳಿಯಿತು. ಮೇಲಕ್ಕೆ ಒಂದು, ಜಾಸ್ತಿಯಾಯಿತು. ಕೆಳಕ್ಕೆ ಅರ್ಧ ಏಟು. ಒಂದೂವರೆ ಗಂಟೆ, ಎರಡು ಸಲ ಚಹಾ. ಕೊನೆಗೆ 3 ತೌನಲ್ಲಿ ನಿಂತಾಗ ಉಸಿರು ಬಿಡದೆ ಬೋಲ್ಟ್ ಬಿಗಿ ಮಾಡಿ, ಮತ್ತೆ ತಿರುಗಿಸಿ ನೋಡಿ, ಆಗ ಎರಡೂ ಕಬ್ಬಿಣವನ್ನು ಸೇರಿಸಿ ಡೋವೆಲ್ ತೂತು ಕೊರೆದು ರೀಮರ್ ಹಾಕಿದೆವು.

ಪ್ಲೇಟು ಬಂದದ್ದರಿಂದ ಎಂಜಿನ್ ಅಷ್ಟು ಮುಂದಕ್ಕೆ ಹೋಗಬೇಕು, ಗೇರ್‌ಬಾಕ್ಸ್ ಹಿಂದಕ್ಕೆ ಸರಿಯಲು ಕೊಳವೆ ಬಿಡುವುದಿಲ್ಲ. ಹಾಗಾಗಿ ಇನ್‌ಪುಟ್ ಶಾಫ್ಟಿನ ಮೂಗು ಕ್ರ್ಯಾಂಕಿನೊಳಗೆ ಸಾಕಷ್ಟು ಹೋಗುತ್ತಿರಲಿಲ್ಲ. ಕ್ರ್ಯಾಂಕಿನಿಂದ ಹೊರಗೆ ಚಾಚುವ ಹಾಗೆ ಮೆಟ್ಟಿಲಿರುವ ಗನ್‌ಮೆಟಲ್ ಬುಷ್ ತಿರುವಿದೆ. ಇಂಥ ಬುಷ್ ನನಗೆ ನೀರು ಕುಡಿದಷ್ಟು ಸಲೀಸು, ಮೋಟರ್‌ಗಳಿಗೆ ದಿನಾ ಮಾಡುತ್ತೇನೆ. ಫ್ಲೈವೀಲು, ಸ್ಟಾರ್ಟರ್ ಎರಡೂ ಜೋಂಗಾದವೇ. ಸ್ಟಾರ್ಟರ್‌ನ ಆರ್ಮೇಚರ್, ಫೀಲ್ಡ್ ಕಾಯಿಲ್ ಬಿಚ್ಚಿ 12 ವೋಲ್ಟಿಗೆ ಸುತ್ತಿದೆ, ಈ ಇಡೀ ಪ್ರಾಜೆಕ್ಟಿನಲ್ಲಿ ನಾನು ಯಾರನ್ನೂ ಕೇಳದೆ ಮಾಡಿದ ಒಂದೇ ಕೆಲಸ. ಕ್ಲಚ್ ಪ್ಲೇಟಿಗೆ ಜೋಂಗಾದ ಅಗಲ ಬೇಕು, ನಡುವಿನ ಹಬ್ ಷೆವ್ರೊಲೆಯ ಹತ್ತು ಸ್ಪ್ಲೈನಿನದು ಬೇಕು. ಹಬ್ ಬಿಡಿಸಿ ರಿವಿಟ್ ಹೊಡೆದು ಕೊಡುವವರು ಬೆಂಗಳೂರಿನಲ್ಲಿ ಸಿಕ್ಕಿದರು.

ಮೊನ್ನೆ ಭಾನುವಾರ

ಎಂಜಿನ್ನನ್ನು ಕಬ್ಬಿಣದ ಸ್ಟ್ಯಾಂಡ್ ಮೇಲೆ ಕಟ್ಟಿ, ಡ್ರಮ್ಮಿನಿಂದ ನೀರು ಸುತ್ತುವ ಹಾಗೆ ಪೈಪ್ ಕೊಟ್ಟು, ನೇತುಹಾಕಿದ ಬಾಟಲಿಯಿಂದ ಪೆಟ್ರೋಲ್ ಬಿಟ್ಟು ಶುರು ಮಾಡಿದೆವು. ಮೂರನೇ ಸಲಕ್ಕೆ ಹಿಡಿಯಿತು. ಆಯಿಲ್ ಪ್ರೆಷರ್ ಮುಳ್ಳು ಏರುವ ತನಕ ನಾನು ಬೇರೇನೂ ನೋಡಲಿಲ್ಲ. ಸಾಲು ಆರು ಸಿಲಿಂಡರ್ ಸೈಲೆನ್ಸರ್ ಇಲ್ಲದೆ ತಿರುಗಿದರೆ ಟಮಟೆ ಅಲ್ಲ, ಡೊಳ್ಳು. ಪಕ್ಕದ ಗಿರಣಿಯವರು ಕೈ ಒರೆಸಿಕೊಂಡು ಬಂದು ನಿಂತರು. ಹತ್ತು ನಿಮಿಷಕ್ಕೆ ವಾಟರ್ ಪಂಪಿನ ಸೀಲ್ ಹನಿ ಹಾಕಲು ಶುರು ಮಾಡಿತು, ಆರಿಸಿದೆವು.

ಅಳಿಯ ಟೇಪ್ ಹಿಡಿದು ಬಾನೆಟ್ ಒಳಗೆ ಅಳೆಯುತ್ತಿದ್ದ. ಎಂಜಿನ್ ಮುಂದಕ್ಕೆ ಬಂದ ಮೇಲೆ ಫ್ಯಾನಿಗೂ ರೇಡಿಯೇಟರ್‌ಗೂ ನಡುವೆ ಒಂದು ಇಂಚು ಉಳಿಯುತ್ತದೆ, ಸಂಪಿನ ಆಳದ ಭಾಗ ಸ್ಟೀರಿಂಗಿನ ಟೈ ರಾಡಿನಿಂದ ಎರಡು ಬೆರಳು ದೂರ. ಫ್ಯಾನ್ ತೆಗೆದು ಮುಂದೆ ಎಲೆಕ್ಟ್ರಿಕ್ ಫ್ಯಾನ್ ಹಾಕೋಣ ಅನ್ನುವುದು ಅವನ ವಾದ, ರೇಡಿಯೇಟರ್ ಕೂರುವ ಪಟ್ಟಿಯನ್ನೇ ಒಂದು ಇಂಚು ಮುಂದಕ್ಕೆ ಸರಿಸೋಣ ಅನ್ನುವುದು ಮೇಸ್ತ್ರಿಯದು. ಏಪ್ರಿಲ್ ಬಿಸಿಲಲ್ಲಿ ನಿಂತ ಗಾಡಿಗೆ ಎಲೆಕ್ಟ್ರಿಕ್ ಫ್ಯಾನೇ ವಾಸಿ ಅಂತ ನನಗೂ ಅನಿಸುತ್ತಿದೆ, ಆದರೆ ಮೇಸ್ತ್ರಿ ಎದುರಿಗೆ ಹೇಳಲಿಲ್ಲ.

ಕ್ಲಚ್ ಪ್ಲೇಟು ಬುಧವಾರ ಬರುತ್ತದೆ. ಹಳೇ ಮೆಕ್ಯಾನಿಕ್‌ನ ಪ್ಲೇಟನ್ನು ಗುಜರಿಗೆ ಹಾಕಿಲ್ಲ, ಲೇತಿನ ಮೇಲಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೇನೆ. ಪಕ್ಕದಲ್ಲೇ ನನ್ನ 18 ತೌ ಪ್ಲೇಟನ್ನೂ ಅಳಿಯ ನೇತುಹಾಕಿದ್ದಾನೆ.